ಉರಿ ನನ್ನದೇ ಆಗಿತ್ತು

ನಾನು ಹುಟ್ಟಿದ್ದೇ ಅರೆಬೆಂದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಹೊತ್ತಿನಲ್ಲಿ ಹೇಳಲಾಗದೆ ನುಂಗಿಕೊಂಡದ್ದೇ ಸಾಕಾಗಿದೆ. ನಾನು ಒಂದು ಹಲ್ಲಿನ ಸೆಟ್ಟು. ಇಪ್ಪತ್ತೆಂಟು ಹಲ್ಲು, ಗುಲಾಬಿ ಬಣ್ಣದ ಒಸಡು, ಎಲ್ಲ ಇದೆ. ಮಾತೊಂದು ಇಲ್ಲ.

ಹಾವೇರಿಯ ಸಣ್ಣದೊಂದು ಲ್ಯಾಬಿನಲ್ಲಿ ದಾದಾಪೀರ ಎನ್ನುವವನು ನನ್ನನ್ನು ಮಾಡಿದ. ಅಕ್ರಿಲಿಕ್ ಪುಡಿಗೆ ಘಾಟು ವಾಸನೆಯ ಲಿಕ್ವಿಡ್ ಹಾಕಿ ಕಲಸಿ, ಕಣಕದಂತಾದ ಮೇಲೆ ಪ್ಲಾಸ್ಟರಿನ ಅಚ್ಚಿನೊಳಗೆ ಒತ್ತಿ, ಬಿಸಿನೀರಿಗೆ ಇಳಿಸಿದ. ಆ ಲಿಕ್ವಿಡ್ ಪುಡಿಯೊಂದಿಗೆ ಕೂಡಿ ಗಟ್ಟಿಯಾಗಬೇಕು. ಅದಕ್ಕೆ ಮೊದಲು ಹದವಾದ ಬಿಸಿಯಲ್ಲಿ, ಕೊನೆಗೆ ಕುದಿಯುವ ನೀರಿನಲ್ಲಿ ಒಂದು ತಾಸು ಬೇಯಬೇಕು. ಆ ಕೊನೆಯ ತಾಸು ಬರುವ ಹೊತ್ತಿಗೆ ಕರೆಂಟು ಹೋಯಿತು. ಸೆಟ್ಟು ಆಯಿತೇ ಎಂದು ಹಲ್ಲಿನ ಆಸ್ಪತ್ರೆಯಿಂದ ಫೋನು ಬಂತು.

"ಆಗೇತ್ರಿ ಸರಾ, ಕಲ್ಲಿನಂಗ ಗಟ್ಟಿ ಆಗೇತಿ. ಈಗ ಕಳಸ್ತೀನಿ," ಅಂದ ದಾದಾಪೀರ.

ಹೊರಗೆ ಗಟ್ಟಿಯಾಗಿದ್ದೆ, ನಿಜ. ಒಳಗೆ ಕೂಡದೆ ಉಳಿದ ಲಿಕ್ವಿಡ್ ಹಾಗೇ ಇತ್ತು. ಎರಡು ದಿನ ನೀರಿನಲ್ಲಿ ಇಟ್ಟಿದ್ದರೂ ಒಂದಿಷ್ಟು ಬಿಟ್ಟುಹೋಗುತ್ತಿತ್ತು. ಅದನ್ನೂ ಮಾಡಲಿಲ್ಲ. ಪಾಲಿಶ್ ಮಾತ್ರ ಕನ್ನಡಿಯ ಹಾಗೆ ಮಾಡಿದ.

ಹೀಗೆ ನಾನು ಹಾಲವ್ವನ ಬಾಯಿ ಸೇರಿದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ಮುರಿಗೆಪ್ಪ ಸಾವ್ಕಾರರ ಅಂಗಡಿಯಲ್ಲಿ, ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ಅವಳು ಹಿರಿಯಳು. ಅವಳ ನಾಲಿಗೆಯನ್ನು ಅಲ್ಲಿ ಎಲ್ಲರೂ ನಂಬುತ್ತಿದ್ದರು. ಖಾರ ಕಡಿಮೆ ಇರುವ ಬಣ್ಣದ ಕಾಯಿಯ ಚೀಲದಲ್ಲಿ ಯಾರೋ ಖಾರದ ಕಾಯಿ ಬೆರೆಸಿದ್ದಾರೆಂಬ ಅನುಮಾನ ಬಂದರೆ ಸಾವ್ಕಾರರು ಅವಳನ್ನೇ ಕರೆಯುವರು. ಅವಳು ಕಾಯಿ ಮುರಿದು, ತೊಟ್ಟಿನ ಕಡೆಯ ತುಣುಕನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ಏನು ಹೇಳಿದರೆ ಅದೇ ಕೊನೆ.

ಮೊದಲ ದಿನ ಹೆಂಗಸರು ಚೇಷ್ಟೆ ಮಾಡಿದರು. "ಹಾಲವ್ವಕ್ಕ ನಕ್ಕಳಂದ್ರ ಇನ್ನ ನಾವು ಬಾಯಿ ಮುಚ್ಚಿಕೊಳ್ಳೋದ ಪಾಡ." ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ.

ಮೂರನೆಯ ದಿನ ಅವಳ ಬಾಯಿಯ ಅಂಗುಳ ಕೆಂಪಾಯಿತು. ನಾಲಿಗೆಯ ತುದಿ ಸುಟ್ಟ ಹಾಗೆ.

"ನಲವತ್ತ ವರ್ಷ ಮೆಣಸಿನಕಾಯಿ ಧೂಳ ಕುಡದೀಯವ್ವಾ, ಉರೀಲಾರ್ದ ಏನ ಮಾಡೀತು?" ಎಂದರು ಎಲ್ಲರೂ. ಆ ಊರಿನಲ್ಲಿ ಬಾಯಿ ಉರಿದರೆ ಮೆಣಸಿನಕಾಯಿ ಬಿಟ್ಟು ಬೇರೆ ಯಾರ ಮೇಲೂ ಸಂಶಯ ಹೋಗುವುದಿಲ್ಲ. ಅವಳು ಮಜ್ಜಿಗೆ ಮುಕ್ಕಳಿಸಿದಳು, ತುಪ್ಪ ಸವರಿಕೊಂಡಳು, ಮತ್ತೆ ನನ್ನನ್ನೇ ಬಾಯಿಗೆ ಹಾಕಿಕೊಂಡಳು. ಉರಿ ಹಚ್ಚಿದ್ದು ನಾನು ಎಂದು ಹೇಗೆ ಹೇಳಲಿ? ಅವಳ ಮಾತೆಲ್ಲ ನನ್ನನ್ನು ದಾಟಿಯೇ ಹೊರಗೆ ಹೋಗುತ್ತಿತ್ತು. ನನ್ನದೊಂದೂ ಹೋಗುತ್ತಿರಲಿಲ್ಲ.

ಆ ವಾರ ಕಲ್ಲನಗೌಡ ಎಂಬ ರೈತ ಕಾಯಿ ತಂದ. ಹಾಲವ್ವ ತುಣುಕನ್ನು ಬಾಯಿಗಿಟ್ಟಳು. ಉರಿ ಭಗ್ಗೆಂದಿತು.

"ಬೆರಕಿ ಐತ್ರಿ ಸಾವ್ಕಾರ."

"ಯಕ್ಕಾ, ನಮ್ಮ ಹೊಲದಾಗ ಖಾರದ ಬೀಜಾನ ಹಾಕಿಲ್ಲ. ಇನ್ನೊಮ್ಮಿ ನೋಡು."

ಇನ್ನೊಮ್ಮೆ ನೋಡಿದಳು. "ಬೆರಕೀನ ಐತಿ ತಮ್ಮಾ. ನನ್ನ ನಾಲಿಗಿ ಸುಳ್ಳ ಹೇಳಂಗಿಲ್ಲ."

ಅವನು ತಲೆ ತಗ್ಗಿಸಿ, ಎಲ್ಲರೂ ನೋಡುತ್ತಿರುವಾಗ ಚೀಲಗಳನ್ನು ತಿರುಗಿ ಗಾಡಿಗೆ ಹೇರಿದ. ಅದೇ ದಿನ ಇನ್ನೂ ಮೂವರ ಕಾಯಿ ಬೆರಕೆ ಎಂದಳು.

"ಒಂದ ದಿನದಾಗ ಊರ ಮಂದಿಯೆಲ್ಲಾ ಕಳ್ಳರಾದ್ರೇನ ಹಾಲವ್ವ?" ಎಂದರು ಸಾವ್ಕಾರರು. ನಕ್ಕೇ ಹೇಳಿದರು. ಆದರೆ ಮರುದಿನದಿಂದ ಅವಳನ್ನು ಕರೆಯಲಿಲ್ಲ. ಅವಳು ತೊಟ್ಟು ಬಿಡಿಸುತ್ತ, ಯಾರಾದರೂ ಕರೆದಾರೆಂದು ಕಿವಿ ಆ ಕಡೆಗೇ ಇಟ್ಟು ಕೂತಿರುತ್ತಿದ್ದಳು.

ಖಾರ ಬಿಟ್ಟು ಎಂಟು ದಿನ ಬರೀ ಹಾಲು ಅನ್ನ ಉಂಡಳು. ಉರಿ ಬಿಡಲಿಲ್ಲ. ಆಗ ನನ್ನನ್ನು ಹೊರಗೆ ತೆಗೆದು, ಕಾಯಿಯನ್ನು ಮೂಸುವ ಹಾಗೆ ಮೂಸಿದಳು. ಅರಿವೆಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಅಲ್ಲಿಯ ದಂತ ಕಾಲೇಜಿನ ಲ್ಯಾಬಿನಲ್ಲಿ ಪ್ರಫುಲ್ಲಾ ಎಂಬ ಹುಡುಗಿ ನನ್ನನ್ನು ಕೈಗೆತ್ತಿಕೊಂಡಳು. "ಇದು ಪೂರ್ತಿ ಬೆಂದಿಲ್ರೀ ಅಮ್ಮಾ. ಒಳಗ ಲಿಕ್ವಿಡ್ ಉಳದೈತಿ, ಅದು ಬಾಯಾಗ ಬಿಡಾಕತ್ತೈತಿ."

"ಹಂಗಾರ ಮೆಣಸಿನಕಾಯಿದಲ್ಲೇನು?"

"ಮೆಣಸಿನಕಾಯಿ ಏನ ಮಾಡೇತ್ರಿ, ಪಾಪ."

ಹಾಲವ್ವ ಅವಳ ಕೈಯಲ್ಲಿದ್ದ ನನ್ನನ್ನೇ ನೋಡಿದಳು. ಆಮೇಲೆ "ಕಲ್ಲನಗೌಡ" ಎಂದಳು. ಅಷ್ಟೇ.

ಈಗ ಕುದಿಸಿದರೆ ನಾನು ಸೊಟ್ಟಾಗುತ್ತೇನೆಂದು ಪ್ರಫುಲ್ಲಾ ಹದವಾದ ಬಿಸಿನೀರಿನಲ್ಲಿ ಇಟ್ಟಳು. ನೀರು ಬದಲಿಸಿ ಮತ್ತೆ ಇಟ್ಟಳು. ಹೀಗೆ ಎರಡು ದಿನ. ಉಳಿಕೆ ಮೆಲ್ಲಗೆ ನನ್ನನ್ನು ಬಿಟ್ಟುಹೋಯಿತು. ಇಷ್ಟು ಸುಲಭದ ಕೆಲಸ. ಹಾಲವ್ವನ ಬಾಯಿ ಮಾಯುವವರೆಗೆ ಡಬ್ಬಿಯಲ್ಲಿ ಕೂತು ಅದನ್ನೇ ನೆನೆದೆ.

ಅವಳು ಕಲ್ಲನಗೌಡನ ಊರಿಗೆ ಹೋಗಿ ತಪ್ಪು ತನ್ನದೆಂದಳು. ನನ್ನ ಹೆಸರೆತ್ತಲಿಲ್ಲ. ಅವನು ನೀರು ಕೊಟ್ಟು, "ಆತ ಬಿಡಕ್ಕ" ಎಂದ. ಕಾಯಿಯನ್ನು ಮಾತ್ರ ಈಗಲೂ ಬೇರೆ ಅಂಗಡಿಗೆ ಒಯ್ಯುತ್ತಾನೆ.

ವರ್ಷಗಳಾದವು. ನನ್ನ ಗುಲಾಬಿ ಬಣ್ಣ ಮಾಸಿದೆ. ಸಾವ್ಕಾರರು ಅವಳನ್ನು ಮತ್ತೆ ಕರೆಯುತ್ತಾರೆ. ಕರೆದಾಗಲೆಲ್ಲ ಅವಳು ಗೋಡೆಯ ಕಡೆ ತಿರುಗಿ, ನನ್ನನ್ನು ತೆಗೆದು ಸ್ಟೀಲು ಲೋಟದ ನೀರಿಗೆ ಹಾಕುತ್ತಾಳೆ. ನನ್ನಲ್ಲಿ ಈಗ ಉರಿಯಿಲ್ಲ. ಅದನ್ನೂ ಹೇಳಲಾರೆ. ಬರೀ ಒಸಡಿನಲ್ಲಿ ತುಣುಕನ್ನು ನಮಲಿ, ಕಣ್ಣು ಮುಚ್ಚಿ, ತೊದಲುತ್ತ ಹೇಳುತ್ತಾಳೆ. ಎಲ್ಲರೂ ನಂಬುತ್ತಾರೆ.

ರೊಟ್ಟಿ ತಿನ್ನಲು, ನಗಲು ನಾನು ಬೇಕು. ದಾದಾಪೀರ ಆ ಒಂದು ತಾಸು ಕುದಿಸಿದ್ದರೆ, ಅವಳು ಕಾಯಿಯ ರುಚಿ ನೋಡಿ ಕಣ್ಣು ಮುಚ್ಚುವ ಆ ಗಳಿಗೆಯಲ್ಲೂ ನಾನು ಅವಳ ಬಾಯಲ್ಲೇ ಇರುತ್ತಿದ್ದೆ.