ನಕ್ಷೆಯವರ ನಲವತ್ತು ಡಿಸ್ಕು

ನಕ್ಷೆಯವರು ರಸ್ತೆಯಲ್ಲಿ ನೇರವಾಗಿ ನಡೆದದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಎದುರಿಗೆ ಹಸನಾದ ಕಾಲುದಾರಿ ಇದ್ದರೂ ಅದನ್ನು ಬಿಟ್ಟು ರಸ್ತೆಯ ಎಡ ಅಂಚಿನಲ್ಲಿ ಇಪ್ಪತ್ತು ಹೆಜ್ಜೆ ಹಾಕಿ, ದೀಪದ ಕಂಬದ ಬಳಿ ಗಕ್ಕನೆ ನಿಂತು, ಕವಾಯತಿನ ಸಿಪಾಯಿಯಂತೆ ಬಲಕ್ಕೆ ತಿರುಗಿ, ಆಚೆ ಬದಿಗೆ ದಾಟಿ ಮುಂದುವರಿಯುವುದು ಅವರ ರೀತಿ. ಹೊಸಬರಿಗೆ ಈ ಮನುಷ್ಯನ ತಲೆ ನೆಟ್ಟಗಿದೆಯೇ ಎಂಬ ಅನುಮಾನ ಬರುತ್ತಿತ್ತು. ಅವರು ನಡೆಯುತ್ತಿದ್ದುದು ನೆಲದೊಳಗೆ ಹೂತ ನೀರಿನ ಕೊಳವೆಯ ಜಾಡಿನಲ್ಲಿ ಎಂಬುದು ನೀರು ಸರಬರಾಜು ಕಚೇರಿಯ ನಮಗೆ ಮಾತ್ರ ಗೊತ್ತಿತ್ತು. ಕೊಳವೆ ತಿರುಗಿದಲ್ಲಿ ಅವರೂ ತಿರುಗುತ್ತಿದ್ದರು.

ಊರಿನ ಕೊಳವೆಗಳ ನಕ್ಷೆ ಬರೆಯುವುದು ಮೂವತ್ತೆರಡು ವರ್ಷ ಅವರು ಮಾಡಿದ ಕೆಲಸ. ಅದೇ ಕಚೇರಿಯಲ್ಲಿ ಪತ್ರ ಬರೆಯುವ ಗುಮಾಸ್ತೆಯಾಗಿದ್ದ ನನ್ನ ಮೇಜು ಅವರ ಮೇಜಿನ ಪಕ್ಕಕ್ಕಿತ್ತು. ಬೂದು ಬಣ್ಣದ ಅವರ ಕೋಟಿಗೆ ನನಗಿಂತ ಹೆಚ್ಚು ಸರ್ವಿಸ್ ಆಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಂದು ಕಂಪ್ಯೂಟರಿನ ಗುಂಡಿ ಒತ್ತಿದರೆ ಅದು ಕಣ್ಣು ಬಿಡಲು ಹನ್ನೊಂದು ನಿಮಿಷ ಬೇಕು. ಆ ಹನ್ನೊಂದು ನಿಮಿಷದಲ್ಲಿ ಅವರು ಕೋಟನ್ನು ಕುರ್ಚಿಗೆ ಹಾಕಿ, ಭುಜದ ಧೂಳು ಕೊಡವಿ, ನಾಲ್ಕು ಪೆನ್ಸಿಲ್ ಚೂಪು ಮಾಡಿ, ನಾಲ್ಕನ್ನೂ ಉದ್ದದ ಕ್ರಮದಲ್ಲಿ ಜೋಡಿಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಪೆನ್ಸಿಲ್ಲಿಗೆ ಕೆಲಸವೇ ಇರಲಿಲ್ಲ. ನಾನೋ, ಅನ್ನ ಕುದಿಯುವವರೆಗೂ ಕಾಯಲಾರದ ಹೆಂಗಸು. "ಇದನ್ನ ಎತ್ತಿ ಕಿಟಕಿಯಿಂದ ಬಿಸಾಕಬಾರದಾ ಸಾರ್?" ಎಂದು ರೇಗುತ್ತಿದ್ದೆ. "ಬರುತ್ತಮ್ಮಾ, ಬರುತ್ತೆ. ಅದಕ್ಕೂ ವಯಸ್ಸಾಯ್ತಲ್ಲ," ಎನ್ನುತ್ತಿದ್ದರು.

ನಮ್ಮಲ್ಲಿ ಹೊಸ ಕಂಪ್ಯೂಟರ್ ಬರುವುದು ಎರಡು ಮೂರು ವರ್ಷಕ್ಕೊಮ್ಮೆ, ಅದೂ ಬೆರಳೆಣಿಕೆಯಷ್ಟು. ಹಿರಿತನದ ಪ್ರಕಾರ ಎರಡು ಸಲ ಸರದಿ ನಕ್ಷೆಯವರಿಗೇ ಬಂದಿತ್ತು. ಮೊದಲ ಸಲ, ಮಿಣುಕುವ ಪರದೆ ನೋಡಿ ನೋಡಿ ನೀರು ಪರೀಕ್ಷೆಯ ಕೋಣೆಯವಳ ಕಣ್ಣು ಕೆಂಪಾಗಿದೆ ಎಂದು ಅವಳಿಗೆ ಬಿಟ್ಟುಕೊಟ್ಟರು. ಎರಡನೆಯ ಸಲ ದೂರು ವಿಭಾಗಕ್ಕೆ. ಅಂದು ನನಗೆ ನಿಜಕ್ಕೂ ಸಿಟ್ಟು ಬಂದು, "ನಿಮಗೆ ಬೇಡ್ವಾ ಸಾರ್?" ಎಂದು ಜಗಳಕ್ಕೇ ನಿಂತೆ. "ಅಲ್ಲಿ ಜನ ನಿಂತ್ಕೊಂಡು ಕಾಯ್ತಾರಮ್ಮ. ನಾನು ಕೂತ್ಕೊಂಡು ಕಾಯ್ತೀನಿ," ಎಂದರು. ಈ ಮಾತನ್ನು ಮುಂದೊಂದು ದಿನ ಅವರ ಹೆಂಡತಿಗೆ ಹೇಳಿದಾಗ ಆಕೆ ನಕ್ಕುಬಿಟ್ಟರು. "ನನ್ನನ್ನೂ ಹೀಗೇ ಕಾಯಿಸಿದ್ರು ಕಣಮ್ಮ. ಅಕ್ಕನ ಮದುವೆ ಆಗಲಿ, ತಮ್ಮನ ಓದು ಮುಗೀಲಿ ಅಂತ ಆರು ವರ್ಷ. ನಾನೂ ಒಳ್ಳೆ ಪೆದ್ದಿ, ಕಾದೆ ನೋಡು!" ಆ ನಗುವಿನಲ್ಲಿ ದೂರು ಎಳ್ಳಷ್ಟೂ ಇರಲಿಲ್ಲ.

ನಿವೃತ್ತಿಗೆ ಎಂಟು ತಿಂಗಳಿದ್ದಾಗ ಆ ಹಳೆಯ ಯಂತ್ರದ ಹೊಟ್ಟೆಯಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಅದರ ಹಾರ್ಡ್ ಡಿಸ್ಕಿನಲ್ಲಿ ಊರಿನ ಎರಡು ಸಾವಿರ ಹಾಳೆ ನಕ್ಷೆಗಳಿದ್ದವು. ಕಾಗದದ ಮೂಲಪ್ರತಿಗಳು ಚಾವಣಿ ಸೋರಿ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿ ಹೋಗಿದ್ದವು. ಅಂದರೆ, ಈ ಯಂತ್ರ ಕಣ್ಣು ಮುಚ್ಚಿತೆಂದರೆ ಎಲ್ಲಿ ಕೊಳವೆ ಒಡೆದರೂ ಯಾವ ಕವಾಟ ಮುಚ್ಚಬೇಕು, ಅದು ಯಾವ ಕಲ್ಲಿನಡಿ ಇದೆ ಎಂದು ಹೇಳಲು ಉಳಿಯುವುದು ಒಬ್ಬ ಮನುಷ್ಯನ ತಲೆ, ಅದೂ ಎಂಟು ತಿಂಗಳು. ಡಿಸ್ಕ್ ಬರೆಯುವ ಸೌಲಭ್ಯವಿರುವ ಹೊಸ ಕಂಪ್ಯೂಟರ್ ಬೇಕೆಂದು ಅವರು ಜೀವನದಲ್ಲಿ ಮೊದಲ ಬಾರಿಗೆ ತಮಗಾಗಿ ಅರ್ಜಿ ಕೊಟ್ಟರು. ಬರೆದವಳು ನಾನು. ಮೂರು ಕಡೆ "ತುರ್ತು" ಎಂದು ಸೇರಿಸಿದ್ದೆ. ಅವರು ಎರಡನ್ನು ಹೊಡೆದು ಹಾಕಿದರು.

ಆಗ ಖಾಲಿ ಡಿವಿಡಿಗಳಲ್ಲಿ ಎರಡು ಜಾತಿ: ಪ್ಲಸ್ ಮತ್ತು ಮೈನಸ್. ನೋಡಲು ಅವಳಿಜವಳಿ, ಆದರೆ ಆ ದಿನಗಳ ಎಷ್ಟೋ ಯಂತ್ರಗಳು ಒಂದನ್ನು ಒಪ್ಪಿದರೆ ಇನ್ನೊಂದನ್ನು ಉಗುಳುತ್ತಿದ್ದವು. ಕೊನೆಗೆ ಯಾವುದು ಉಳಿಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮುಖ್ಯ ಎಂಜಿನಿಯರರು ಪ್ಲಸ್ಸಿನ ಪರಮಭಕ್ತರು, ಉಗ್ರಾಣದ ಅಧಿಕಾರಿ ಮೈನಸ್ಸಿನ ಕಡೆಯವರು. "ಯಾವುದು ಗೆಲ್ಲುತ್ತೋ ನೋಡಿ ತಗೊಳ್ಳೋಣ" ಎಂದು ಐದು ತಿಂಗಳು ಕಡತ ಅತ್ತಿಂದಿತ್ತ ಓಡಾಡಿತು. ಇವರು ಅವರಿಗೆ ಬರೆದ ಖಾರದ ಪತ್ರ, ಅವರು ಇವರಿಗೆ ಬರೆದ ಅದಕ್ಕಿಂತ ಖಾರದ ಉತ್ತರ, ಎರಡಕ್ಕೂ ಭಾಷೆ ನನ್ನದೇ. ಇತ್ತ ಟಕ್ ಟಕ್ ಜೋರಾಗುತ್ತಿತ್ತು. ನಕ್ಷೆಯವರು ಆ ಸದ್ದಿಗೆ ಕಿವಿಗೊಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತಿದ್ದರು.

ಕೊನೆಗೂ ಯಂತ್ರ ಬಂತು, ಎಂಜಿನಿಯರರ ಆಜ್ಞೆಯಂತೆ ಪ್ಲಸ್ ಮಾತ್ರ ಬರೆಯುವಂಥದ್ದು. ಡಿಸ್ಕುಗಳೂ ಬಂದವು, ಉಗ್ರಾಣದವರ ಆಜ್ಞೆಯಂತೆ ಒಂದು ಪೆಟ್ಟಿಗೆ ಮೈನಸ್. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಪೆಟ್ಟಿಗೆ ವಾಪಸ್ ಕಳಿಸಿದರೆ ಮತ್ತೆ ಕಡತ, ಮತ್ತೆ ಐದು ತಿಂಗಳು, ಆದರೆ ಅವರಿಗೆ ಉಳಿದಿದ್ದುದು ಮೂರೇ ತಿಂಗಳು. ನಕ್ಷೆಯವರು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಒಂದು ಹಾಳೆ ಕೊಡಮ್ಮ" ಎಂದರು. ಊಟದ ಕೋಣೆಯ ಬಾಗಿಲಿಗೆ ಮಧ್ಯಾಹ್ನ ಅವರ ಗುಂಡು ಅಕ್ಷರದ ಚೀಟಿ ಅಂಟಿತ್ತು: ತಪ್ಪಿ ಕೊಂಡ ಖಾಲಿ ಪ್ಲಸ್ ಡಿಸ್ಕು ಮನೆಯಲ್ಲಿದ್ದರೆ ತನ್ನಿ, ಮೈನಸ್ ಕೊಡುತ್ತೇನೆ, ಒಂದಕ್ಕೆ ಒಂದು.

ಮೊದಲ ದಿನ ಯಾರೂ ಬರಲಿಲ್ಲ. ತಪ್ಪು ಡಿಸ್ಕು ಕೊಂಡದ್ದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ಯಾರಿಗೆ ತಾನೇ ಇಷ್ಟ? ಎರಡನೆಯ ದಿನ ದೂರು ವಿಭಾಗದಾಕೆ ಮೂರು ತಂದಳು. ಆಮೇಲೆ ನೋಡಬೇಕಿತ್ತು! ಊರೆಲ್ಲ ತಪ್ಪು ಡಿಸ್ಕು ಕೊಂಡು ಮೇಜಿನ ಖಾನೆಯಲ್ಲಿ ಬಚ್ಚಿಟ್ಟುಕೊಂಡಿದೆ ಎಂಬುದು ಅಂದು ಬಯಲಾಯಿತು. ಕೋಟಿನ ಬಲಜೇಬಿಗೆ ಪ್ಲಸ್ ಇಳಿಯುತ್ತಿತ್ತು, ಎಡಜೇಬಿನಿಂದ ಮೈನಸ್ ಹೊರಡುತ್ತಿತ್ತು. ಒಂಬತ್ತನೆಯ ದಿನ ಸಾಕ್ಷಾತ್ ಮುಖ್ಯ ಎಂಜಿನಿಯರರೇ ಕಾಗದದಲ್ಲಿ ಸುತ್ತಿದ ಐದು ಪ್ಲಸ್ ಡಿಸ್ಕು ತಂದು, "ಮಗಳ ಯಂತ್ರಕ್ಕೆ ಇದು ಆಗ್ತಿಲ್ಲ, ಸ್ವಲ್ಪ ನೋಡಿ" ಎಂದು ಗೋಡೆಗೆ ಹೇಳುವಂತೆ ಹೇಳಿದರು. ಅವರ ಬೆನ್ನ ಹಿಂದೆ ಸರದಿಯಲ್ಲಿ ನಿಂತವರು ಉಗ್ರಾಣದವರು, ಕೈಯಲ್ಲಿ ಭಾಮೈದ ತಪ್ಪಿ ತಂದುಕೊಟ್ಟ ಒಂದು ಕಟ್ಟು ಪ್ಲಸ್. ಇಬ್ಬರೂ ಚಾವಣಿ ನೋಡಿದರು. ನಕ್ಷೆಯವರು ಯಾರಿಗೂ ಒಂದು ಚುಚ್ಚುಮಾತು ಆಡಲಿಲ್ಲ, ಎಣಿಸಿ ಕೊಟ್ಟರು. ನಾನಾಗಿದ್ದರೆ ಆಡದೆ ಬಿಡುತ್ತಿರಲಿಲ್ಲ.

ಹೀಗೆ ನಲವತ್ತು ಕೂಡಿದವು. ಒಂದೊಂದಕ್ಕೆ ಐವತ್ತು ಹಾಳೆ. ಹಳೆಯ ಯಂತ್ರದಿಂದ ಹೊಸದಕ್ಕೆ ತಂತಿ ಎಳೆದು ಬರೆಯುವ ಹೊತ್ತಿನಲ್ಲಿ ನಾವು ತುದಿಗಾಲಲ್ಲಿ ಓಡಾಡಿದೆವು, ಸೀನು ಬಂದರೆ ಅಂಗಳಕ್ಕೆ ಹೋದೆವು. ಮೂವತ್ತೆಂಟನೆಯ ಡಿಸ್ಕು ಹೊರಬಂದ ಮೇಲೆ ಹಳೆಯ ಯಂತ್ರ ದೊಡ್ಡದಾಗಿ ಒಮ್ಮೆ ಟಕ್ ಎಂದು ಸುಮ್ಮನಾಯಿತು. ಮತ್ತೆ ಏಳಲೇ ಇಲ್ಲ. ನೂರು ಹಾಳೆ ಹೋದಂತೆಯೇ. ನನಗೆ ಅಳು ಬಂದುಬಿಟ್ಟಿತು. ಯಾವ ಬೀದಿಗಳು ಹೋದವೋ, ಆಸ್ಪತ್ರೆಯೋ, ಶಾಲೆಯೋ ಎಂದು ಗಾಬರಿಯಿಂದ ಕೇಳಿದೆ.

"ಆಸ್ಪತ್ರೆ ಒಂದನೇದರಲ್ಲೇ ಇದೆಯಮ್ಮ," ಎಂದರು ನಕ್ಷೆಯವರು. "ನನಗೆ ಬಾಯಿಪಾಠ ಇರೋವನ್ನ ಕೊನೆಗೆ ಇಟ್ಟಿದ್ದೆ. ಯಂತ್ರ ಹೋದ್ರೂ ಅವು ಹೋಗಲ್ಲ ಅಂತ."

ಉಳಿದ ಎರಡು ತಿಂಗಳು ಅವರು ಆ ನೂರು ಹಾಳೆಗಳನ್ನು ಕಾಗದದ ಮೇಲೆ ಕೈಯಿಂದ ಬರೆದರು. ಹೊಸ ಯಂತ್ರ ಮೇಜಿನ ಮೇಲೆ ಅರೆನಿಮಿಷದಲ್ಲಿ ಕಣ್ಣು ಬಿಟ್ಟು ಸುಮ್ಮನೆ ಕೂತಿರುತ್ತಿತ್ತು, ಪಕ್ಕದಲ್ಲಿ ಅವರು ಅಂಚುಪಟ್ಟಿ ಒತ್ತಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಕವಾಟವನ್ನು ಅದರ ಕಲ್ಲಿನಡಿ ಕೂರಿಸುತ್ತಿದ್ದರು. ಅಷ್ಟು ಸುಖವಾಗಿದ್ದ ಮುಖವನ್ನು ನಾನು ಆ ಕಚೇರಿಯಲ್ಲಿ ಮತ್ತೆ ನೋಡಿಲ್ಲ. ನೂರನೆಯ ಹಾಳೆಗೆ ಸಹಿ ಹಾಕಿದ್ದು ನಿವೃತ್ತಿಯ ಹಿಂದಿನ ದಿನ.

ತಾಳ್ಮೆಯವರನ್ನು ಕಂಡರೆ ನನ್ನಂಥವರಿಗೆ ಮರುಕ, ಒಳಗೊಳಗೇ ಕೊಂಚ ತಾತ್ಸಾರ. ಅವರಿಗೆ ಅವಸರದ ಬೆಲೆ ತಿಳಿಯದು ಎಂದೇ ನಮ್ಮ ಲೆಕ್ಕ. ಆದರೆ ಇಂಥವರು ಕೈಕಟ್ಟಿ ಕಾಯುವ ಜನವಲ್ಲ. ಯಾವುದು ಗೆಲ್ಲುತ್ತದೆಂದು ಲೋಕ ಪಂಥ ಕಟ್ಟುತ್ತಿರುವಾಗ, ಯಾವುದು ಸೋತರೂ ಯಾರ ಮನೆಯ ನೀರೂ ನಿಲ್ಲದಂತೆ ಏರ್ಪಾಡು ಮಾಡುತ್ತಿರುತ್ತಾರೆ. ಏನನ್ನಾದರೂ ಕಳೆದುಕೊಳ್ಳುವ ಪಾಳಿ ಬಂದಾಗ ಮೊದಲು ಊರಿನದನ್ನು ಬದುಕಿಸಿ, ತಾವೇ ತಲೆಯಲ್ಲಿ ಹೊರಬಲ್ಲಷ್ಟನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಲ್ಲಿ ತಿರುಗಿಸಿದೊಡನೆ ನೀರು ಬರುವ ಊರಿನಲ್ಲಿ ಅವರ ನೆನಪು ಯಾರಿಗೂ ಆಗುವುದಿಲ್ಲ. ಆಗಬೇಕೆಂದು ಅವರೂ ಕಾದವರಲ್ಲ.