ಎರಡು ಭಾನುವಾರ

ಮಾತ್ರೆಯ ಡಬ್ಬಿಯನ್ನು ಅಮ್ಮ ನೆಲಕ್ಕೆ ಬೋರಲು ಹಾಕಿ, ಸ್ಟ್ರಿಪ್ಪುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡತೊಡಗಿದಳು. ಮಾರು ದೂರದಲ್ಲಿ ಮಗನ ಹೆಣ ಮಲಗಿತ್ತು. ಅದನ್ನು ನೋಡುವುದು ಬಿಟ್ಟು ಆಕೆ ಹುಡುಕುತ್ತಿದ್ದದ್ದು, ಸೊಸೆ ಕೊಡದೆ ಉಳಿಸಿದ ಒಂದೇ ಒಂದು ಮಾತ್ರೆಯನ್ನು.

“ಸಿಕ್ಕೇ ಸಿಗುತ್ತೆ. ಎದೆಗೆ ಸ್ಟೆಂಟ್ ಹಾಕಿಸ್ಕೊಂಡು ಎಂಟು ತಿಂಗಳು ಗುಂಡುಕಲ್ಲಿನ ಹಾಗಿದ್ದೋನು ಸುಮ್ಮಸುಮ್ಮನೆ ಹೋಗ್ತಾನಾ? ಮಾತ್ರೆ ತಪ್ಪಿಸಿದಾಳೆ ಇವಳು. ಇವಳು ಮಾತ್ರ ಸ್ಮಶಾನದ ಗಾಡಿ ಹತ್ತಕೂಡದು, ಹೇಳಿದೀನಿ!”

ಸೊಸೆ ಗೋಡೆಗೆ ಒರಗಿ ಕೂತಿದ್ದಳು. “ಒಂದು ದಿನಾನೂ ತಪ್ಪಿಸಿಲ್ಲ ಅತ್ತೆ” ಎಂದು ನಿನ್ನೆಯಿಂದ ಹೇಳಿ ಹೇಳಿ ಅವಳ ಗಂಟಲು ಬತ್ತಿತ್ತು. ಸತ್ತವನ ಅಕ್ಕ ಬಾಗಿಲ ಬಳಿ ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ತಪ್ಪು ಸೊಸೆಯದಲ್ಲವೆಂದು ಅಲ್ಲಿ ಬೇರೆ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೆ. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ, ಪುಣ್ಯಾತಗಿತ್ತಿ.

ಸಾವಿನ ಮನೆಯಲ್ಲಿ ತಲೆಗೊಂದು ಮಾತು. ಸತ್ತವನು ಲಿಫ್ಟ್ ರಿಪೇರಿಯವನು. ಎತ್ತರದ ಕಟ್ಟಡಗಳಲ್ಲೆಲ್ಲ ‘ಲಿಫ್ಟಣ್ಣ’ ಎಂದೇ ಹೆಸರು.

“ಊರೋರನ್ನೆಲ್ಲ ಲಿಫ್ಟಲ್ಲಿ ಕಳಿಸಿ ತಾನು ಮಾತ್ರ ಮೆಟ್ಟಿಲು ಹತ್ತೋನು,” ಎಂದ ಜೊತೆಯ ಕೆಲಸಗಾರ. “ಯಾಕೋ ಅಂದ್ರೆ, ‘ರಿಪೇರಿ ಮಾಡಿದೋನು ನಾನೇ ಮಾರಾಯ, ನಂಬೋದು ಹ್ಯಾಗೆ?’ ಅನ್ನೋನು.”

ಯಾರೋ ನಕ್ಕರು. ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

“ಹನ್ನೊಂದಕ್ಕೆ ಗಾಡಿ ಬರುತ್ತೆ,” ಎಂದು ಇನ್ನೊಬ್ಬರು ಗಡಿಯಾರ ನೋಡಿದರು.

*

ಅಕ್ಕನಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ತಿಂಗಳ ಹಿಂದೆ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಬಂದ ತಮ್ಮನ ತೋಳಿಗೆ ಸೂಜಿ ಚುಚ್ಚಿದವಳೂ ಅವಳೇ.

“ಏನಕ್ಕ ಇದು, ರಕ್ತದಲ್ಲಿ ಜಾತಕ ನೋಡ್ತೀರಾ?”

“ಒಂಥರಾ ಹಾಗೇ ಕಣೋ. ನಿನ್ನ ಎದೆಯ ಮಾತ್ರೆ ನುಂಗಿದ ತಕ್ಷಣ ಕೆಲಸ ಮಾಡಲ್ಲ. ಲಿವರಿನಲ್ಲಿ ಒಂದು ಎನ್‌ಜೈಮ್ ಇರುತ್ತೆ, ಅದು ಮಾತ್ರೆನ ಎಬ್ಬಿಸಬೇಕು. ಕೆಲವರಿಗೆ ಹುಟ್ಟಿನಿಂದಲೇ ಅದು ಸೋಮಾರಿ.”

“ಹಾಗಾದ್ರೆ ನಂದೂ ಅದೇ ಬಿಡು. ಸೋಮಾರಿತನದಲ್ಲಿ ನನ್ನ ಮೀರಿಸೋರುಂಟಾ?”

ರಿಪೋರ್ಟು ಬಂದಾಗ ಮೊದಲು ಓದಿದವಳೂ ಅವಳೇ. ಅವನ ಎನ್‌ಜೈಮು ಇದ್ದೂ ಇಲ್ಲದ ಹಾಗೆ. ರಕ್ತ ಹೆಪ್ಪುಗಟ್ಟದಿರಲೆಂದು ಎಂಟು ತಿಂಗಳು ನುಂಗಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಗಿತ್ತು. ಬೇರೆ ಮಾತ್ರೆ ಇತ್ತು. ಡಾಕ್ಟರಿಗೆ ತೋರಿಸಿದ್ದರೆ ಬದಲಿಸಿಕೊಡುತ್ತಿದ್ದರು.

“ಇದನ್ನ ನಾನೇ ಕೊಡ್ತೀನಿ,” ಎಂದು ಲ್ಯಾಬಿನಲ್ಲಿ ಹೇಳಿ ಚೀಲಕ್ಕೆ ಹಾಕಿಕೊಂಡಳು. ಫೋನಿನಲ್ಲಿ ಹೇಳಿದರೆ ಹೆದರಿಯಾನು, ಭಾನುವಾರ ಹೇಗೂ ಮನೆಗೆ ಬರುತ್ತಾನಲ್ಲ. ಬಂದ. ಹೊಸ ಸ್ಕೂಟರಿನ ಸಂಭ್ರಮ, ಬಾಯಿ ತುಂಬ ನಗು. ಈ ನಗುವಿಗೆ ಯಾಕೆ ಕಲ್ಲು ಹಾಕಲಿ ಎಂದುಕೊಂಡಳು. ಮುಂದಿನ ಭಾನುವಾರವೂ ಬಂದ. ಅವತ್ತು ಮನೆ ತುಂಬ ನೆಂಟರು. ನಾಳೆ ಎಂದವನ ಮನೆ ಹಾಳು ಅಂತಾರೆ. ಇಲ್ಲಿ ಹಾಳಾದದ್ದು ತಮ್ಮನ ಮನೆ. ಮಾತ್ರೆ ಬದಲಿಸಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಯಾರೂ ಆಣೆ ಮಾಡಿ ಹೇಳಲಾರರು. ಉಳಿಯುತ್ತಿದ್ದ ಎಂದೇ ಅವಳ ಮನಸ್ಸು ನಿನ್ನೆಯಿಂದ ಕುಟುಕುತ್ತಿತ್ತು.

*

“ಸಿಕ್ತು!” ಅಮ್ಮ ಕೂಗಿದಳು. ಒಂದು ಸ್ಟ್ರಿಪ್ಪಿನ ಮೂಲೆಯಲ್ಲಿ ಒಂದು ಮಾತ್ರೆ ಉಳಿದಿತ್ತು.

“ಅದು ನಿನ್ನೆದು ಅತ್ತೆ. ತಿಂಡಿ ಆದಮೇಲೆ ಕೊಡೋದು. ತಿಂಡಿಗೆ ಮುಂಚೆನೇ ಅವರು...”

“ಬಾಯ್ಮುಚ್ಚು! ನನ್ನ ಮಗನ್ನ ತಿಂದೋಳು ನೀನು!”

ಹೊರಗೆ ಗಾಡಿ ಬಂದು ನಿಂತಿತು. ಸೊಸೆ ಎದ್ದು ಗಂಡನ ಬಳಿ ಹೋದರೆ ಅಮ್ಮ ಅಡ್ಡ ನಿಂತಳು. ನಾಲ್ಕು ಜನ ಹೆಣ ಎತ್ತಲು ಬಗ್ಗಿದರು.

“ಅಮ್ಮ, ಅವಳನ್ನ ಬಿಡು,” ಎಂದಳು ಅಕ್ಕ. ಚೀಲದಿಂದ ರಿಪೋರ್ಟು ತೆಗೆದು ಮುಂದೆ ಹಿಡಿದಳು. “ಅವಳು ಸರಿಯಾಗೇ ಕೊಟ್ಟಳು, ಅವನು ಸರಿಯಾಗೇ ನುಂಗಿದ. ಆ ಮಾತ್ರೆ ಅವನ ಮೈಗೆ ಹತ್ತುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಹದಿನೈದು ದಿನದಿಂದ ನನಗೆ ಗೊತ್ತಿತ್ತು.”

ಬಗ್ಗಿದವರು ಬಗ್ಗಿದಂತೆಯೇ ನಿಂತರು.

“ಹುಟ್ಟಿನಿಂದ ಅಂದ್ರೆ? ನನ್ನಿಂದಲಾ?” ಎಂದಳು ಅಮ್ಮ.

“ಅರ್ಧ ನಿನ್ನಿಂದ, ಅರ್ಧ ಅಪ್ಪನಿಂದ.”

ಸೊಸೆ ಅಕ್ಕನನ್ನೇ ನೋಡಿದಳು. “ಎರಡು ಭಾನುವಾರ ನಿಮ್ಮನೆಗೆ ಬಂದಿದ್ರಲ್ಲ ಅತ್ತಿಗೆ, ಅವರು,” ಎಂದಳು ಮೆಲ್ಲಗೆ.

ಬೈದಿದ್ದರೆ ಅಕ್ಕ ತಡೆದುಕೊಳ್ಳಬಹುದಿತ್ತು.

ಅಮ್ಮ ಕೈಯಲ್ಲಿದ್ದ ಸ್ಟ್ರಿಪ್ಪನ್ನು ಕೆಳಗಿಟ್ಟಳು. “ಹುಟ್ಟಿನಲ್ಲೇ ಆ ಕೊರತೆ ಕೊಟ್ಟೋರು ನಾವು, ಸರಿ. ಹೇಳದೆ ಬಚ್ಚಿಟ್ಟೋಳು ನೀನು,” ಎಂದಳು. ಮತ್ತೆ ಮಗಳ ಕಡೆ ತಿರುಗಲಿಲ್ಲ.

ಅವನನ್ನು ಗಾಡಿಗೆ ಏರಿಸಿದರು. ಅಮ್ಮ ಸೊಸೆಯ ಮಣಿಕಟ್ಟು ಹಿಡಿದು ಮೊದಲು ಅವಳನ್ನು ಹತ್ತಿಸಿ, ತಾನೂ ಪಕ್ಕದಲ್ಲೇ ಕೂತಳು. ಅಕ್ಕ ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟಳು. ಅಮ್ಮ ಬಾಗಿಲಿಗೆ ಕೈ ಹಾಕಿದ್ದು ಕಂಡು ಕಾಲು ತೆಗೆದಳು. ಅಮ್ಮ ಎಳೆದುಕೊಂಡಳು. ಚಿಲಕ ಕೂರಲಿಲ್ಲ, ಬಾಗಿಲು ಮತ್ತೆ ಅರ್ಧ ತೆರೆದುಕೊಂಡಿತು. ಒಳಗಿದ್ದ ಇಬ್ಬರೂ ಹೊರಗೆ ನೋಡಲಿಲ್ಲ.

“ಹೊರಗಿಂದ ಯಾರಾದ್ರೂ ಜೋರಾಗಿ ತಳ್ರಪ್ಪಾ!” ಡ್ರೈವರ್ ಕೂಗಿದ.

ಹತ್ತಿರ ಇದ್ದವಳು ಅಕ್ಕನೊಬ್ಬಳೇ. ಎರಡೂ ಕೈ ಊರಿ, ಮೈಭಾರ ಬಿಟ್ಟು, ಬಾಗಿಲನ್ನು ಮುಚ್ಚುವ ತನಕ ತಳ್ಳಿದಳು.