ನಾಲ್ಕು ಲಕ್ಷ ಕಿಲೋಮೀಟರಿನ ಗಾಡಿ

ಸುಟ್ಟ ಬ್ರೇಕಿನ ವಾಸನೆ, ಗಾಡಿ ನಿಲ್ಲಿಸಿ ಎರಡು ಗಂಟೆಯಾಯಿತು, ಇನ್ನೂ ಹೋಗಿಲ್ಲ, ಪುಣೆಯ ಹಡಪಸರದ ಇಷ್ಟು ಧೂಳಿನಲ್ಲೂ ಮೂಗಿಗೆ ಅದೇ ಹೊಡೆಯುತ್ತಿದೆ — ಮೆಕ್ಯಾನಿಕ್ ಪ್ರಲ್ಹಾದ ಹಿಂದಿನ ಚಕ್ರ ಬಿಚ್ಚಿ ಕಪ್ಪಾದ ಬ್ರೇಕ್ ಲೈನರ್ ಎತ್ತಿ ತೋರಿಸುತ್ತಿದ್ದಾನೆ, ಅಕ್ಕಲಕೋಟೆಯವನು, ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ, ಸಿದ್ರಾಮಪ್ಪ ಕಾಕಾ, ಮೂರು ತಿಂಗಳ ಹಿಂದ ಹಾಕಿದ್ದಿದು, ಹಿಂಗ್ಯಾಕ ಸುಟ್ಟದ, ಬ್ರೇಕಿನ ಮ್ಯಾಲೆ ಕಾಲಿಟ್ಕೊಂಡ ಓಡಸ್ತೀರೇನ್ರಿ — ಇವನೊಬ್ಬ ಶಾಣ್ಯಾ, ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಹೇಳಿಕೊಡಲು ಬಂದ, ಡುಪ್ಲಿಕೇಟ್ ಮಾಲು ಹಾಕಿರುತ್ತಾನೆ, ಮತ್ತೇನು. ನಾಲ್ಕು ಲಕ್ಷ ಓಡಿದ ಪಿಕಪ್, ನಾನು ಕೊಳ್ಳುವಾಗಲೇ ಎರಡೂವರೆ ಆಗಿತ್ತು, ಇದಕ್ಕೆ ಈಗ ಏನು ಮಾಡಿಸಲಿ, ಕ್ಲಚ್ಚೋ, ಬ್ರೇಕೋ, ಇಲ್ಲ ಹಿಂದೆ ಸ್ಪ್ರಿಂಗಿಗೆ ಇನ್ನೊಂದು ಕಮಾನು ಪಟ್ಟಿ ಕೂರಿಸಿಬಿಡಲೋ, ಪಟ್ಟಿ ಹೆಚ್ಚಾದರೆ ಗಾಡಿ ಕುಸಿಯುವುದಿಲ್ಲ, ಇನ್ನೂ ಹತ್ತಿಪ್ಪತ್ತು ಪೆಂಟೆ ಬೆಲ್ಲ ಏರಿಸಬಹುದು, ಬೆಲ್ಲ ತುಂಬಲು ಬಾರಾಮತಿಗೆ ಬರುವ ಗಾಡಿಯವರೆಲ್ಲ ಹಾಕಿಸಿದ್ದಾರೆ, ನಾನೊಬ್ಬನೇ ಉಳಿದವನು.

ನಾಳೆಯಂತೂ ಬಾರಾಮತಿಗೆ ಹೋಗಲೇಬೇಕು, ಅಲ್ಲಿ ಓದುವ ಸ್ನೇಹಲಳ ಪರೀಕ್ಷೆ ಮುಗಿದಿದೆ, ಹಾಸ್ಟೆಲಿನ ಟ್ರಂಕು ಹಾಸಿಗೆ ಬೆಲ್ಲದ ಮೇಲೆಯೇ ಏರಿಸಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರಬೇಕು, ಪಪ್ಪಾ, ಬಸ್ ಬ್ಯಾಡ, ನಿಮ್ಮ ಗಾಡ್ಯಾಗ ಬರ್ತೀನಿ — ದಿವೆ ಘಾಟ್ ಇಳಿಯುವಾಗ ಕಿಟಕಿಯಿಂದ ಕೈ ಹೊರಗೆ ಚಾಚುತ್ತಾಳೆ, ಚಿಕ್ಕವಳಿದ್ದಾಗಿನ ಚಟ, ಬೈದರೂ ಬಿಡುವುದಿಲ್ಲ. ಹೋದ ವಾರ ಅದೇ ಇಳಿಜಾರಿನಲ್ಲಿ ಮುಂದಿನ ಬಸ್ಸಿನ ಕೆಂಪು ದೀಪ ಹತ್ತಿತು, ಒತ್ತಿದೆ, ಒತ್ತಿದೆನಲ್ಲ, ಬಸ್ಸು ದೊಡ್ಡದಾಗುತ್ತಲೇ ಬಂತು, ಹ್ಯಾಂಡ್‌ಬ್ರೇಕ್ ಎಳೆದದ್ದಕ್ಕೆ ಬದುಕಿದೆ — ಬ್ರೇಕಿನದೇ ತಪ್ಪು, ಬೇರೆ ಯಾರದಿರುತ್ತದೆ. ಹೆಂಡತಿ ಕಾಶವ್ವನಿಗೆ ಹೇಳಿಲ್ಲ, ಹೇಳಿದರೆ ಮತ್ತೆ ಅದೇ ರಾಗ, ಡ್ರೈವರ್ ಇಟ್ಕೋರಿ ಇಲ್ಲಾ ಗಾಡಿ ಮಾರ್ರಿ, ಮೊನ್ನೆ ಅಂಗಾಲಾಗ ಮೊಳಿ ಹೊಕ್ಕು ಮನಿತುಂಬ ರಕ್ತ, ಚಹಾ ಕುಡಕೋತ ಅಡ್ಡಾಡಿದ್ರಿ, ಗೊತ್ತಾಗಲಿಲ್ಲಲ್ಲ ನಿಮಗ — ಸಕ್ಕರೆ ಕಾಯಿಲೆ ಪುಣೆಯಲ್ಲಿ ಯಾರಿಗಿಲ್ಲ, ಕಾಲು ಸ್ವಲ್ಪ ಜೋಮು ಹಿಡಿದರೆ ಅದೇನು ದೊಡ್ಡದು, ಮಾರಿ ಏನು ಮಾಡಲಿ, ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂರಲೇ. ಹೆದರಿಕೆಯಾಗುತ್ತದೆ, ಘಾಟಿನದಲ್ಲ, ಆ ಕುರ್ಚಿಯದು.

ಆಯಿತು, ಪಟ್ಟಿ ಬೇಡ, ಕ್ಲಚ್ ಇನ್ನೂ ನಾಲ್ಕು ದಿನ ಎಳೆಯುತ್ತದೆ, ಮಗಳು ಕೂರುವ ಗಾಡಿ, ಬ್ರೇಕ್ ಪೂರ್ತಿ ಹೊಸದೇ ಹಾಕು ಎಂದೆ, ಹಾಕಿದ್ದಾನೆ, ನನ್ನ ಕಣ್ಣೆದುರೇ, ಡಬ್ಬಿ ಒಡೆದು, ಈಗ ಬ್ರೇಕ್ ಎಣ್ಣೆಯೊಳಗಿನ ಗಾಳಿ ತೆಗೆಯುವುದೊಂದೇ ಬಾಕಿ, ಅವನು ಗಾಡಿಯ ಅಡಿಯಲ್ಲಿ, ನಾನು ಸೀಟಿನಲ್ಲಿ, ನಾನು ಪೆಡಲ್ ಒತ್ತಿ ಹಿಡಿಯಬೇಕು, ಅವನು ನಟ್ಟು ಸಡಿಲಿಸಬೇಕು, ಎಣ್ಣೆ ಚಿಮ್ಮಬೇಕು. ಒತ್ರಿ ಕಾಕಾ. ಒತ್ತಿದೆ. ಒತ್ರಿ. ಒತ್ತೀನೋ ಮಾರಾಯಾ. ಇಲ್ರಿ, ಎಣ್ಣಿ ಬರವಲ್ದು, ಜೋರ್ ಒತ್ರಿ — ಇನ್ನೆಷ್ಟು ಜೋರು, ತೊಡೆ ಕಲ್ಲಾಗಿದೆ, ಬೆವರು ಇಳಿಯುತ್ತಿದೆ, ಇವನ ನಟ್ಟೇ ಸರಿಯಿಲ್ಲ, ಬಗ್ಗಿ ನೋಡುತ್ತೇನೆ, ಪೆಡಲ್ ಕೆಳಗಿಳಿದೇ ಇಲ್ಲ, ಖಾಲಿ, ಅದರ ಪಕ್ಕದಲ್ಲಿ ಬರಿಗಾಲೊಂದು, ಚಪ್ಪಲಿ ಯಾವಾಗ ಕಳಚಿತೋ, ಬೆರಳು ಬೆಳ್ಳಗಾಗುವಷ್ಟು ಗಾಡಿಯ ತಳದ ತಗಡನ್ನು ಒತ್ತುತ್ತಿದೆ, ನನ್ನದೇ, ಒತ್ರಿ ಕಾಕಾ, ಒತ್ತುತ್ತಿದೆ, ತಗಡನ್ನು, ಒತ್ರಿ, ಬಿಳಿ ಬೆರಳು, ತಗಡು —